ಆಪ್ತನಾರು?

(ವಾಚನಾಲಯವೊಂದರ ವಾರ್ಷಿಕೋತ್ಸವದ ಪ್ರಸಂಗದಲ್ಲಿ ಉಪಾಧ್ಯಾಯರ ಹಾಗೂ ನಾಗರಿಕರ ಸಮಕ್ಷಮದಲ್ಲಿ ಮಾಡಿದ ಭಾಷಣ)



ವಾಚನಾಲಯದ ಉತ್ಸವಕ್ಕೆ ಕರೆದವರು ಗ್ರಂಥಗಳ ಮಹಿಮೆಯನ್ನು ಕೊಂಡಾಡಬೇಕೆಂದು ಬಯಸುವದು ಸಹಜವಾಗಿದೆ. ಆದರೆ ಗ್ರಂಥಗಳನ್ನೂ ವರ್ತಮಾನಪತ್ರಗಳನ್ನೂ ಪರೀಕ್ಷಿಸುವದು ಹೇಗೆಂಬ ವಿಷಯವಾಗಿ ನಾಲ್ಕು ಮಾತು ಆಡುವದು ಇಂದು ಹೆಚ್ಚು ಅವಶ್ಯವೆಂದು ನಾವು ಬಗೆದಿದ್ದೇವೆ. ಹಾಗೆ ಬಗೆಯುವದಕ್ಕೆ ಕಾರಣವಾದುದು ನಮ್ಮದೇ ಒಂದು ತಪ್ಪು. ಅದನ್ನು ಮೊದಲು ತಮ್ಮೆದುರಿಗೆ ಒಪ್ಪಿಕೊಂಡು ಮುಂದೆ ಸಾಗುತ್ತೇವೆ.

ಕೆಲವು ವರ್ಷಗಳ ಕೆಳಗೆ ರಾಜ್ಯೋತ್ಸವದ ದಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡದ ಪ್ರಾಚೀನತೆಯನ್ನು ಕುರಿತು ಹೇಳುತ್ತಿದ್ದೆವು. ಮಾತಿನ ಭರದಲ್ಲಿ, "ಹಲ್ಮಿಡಿಯ ಕಲ್ಲು ಕ್ರಿ.ಶ. 450ರಲ್ಲಿ ಕೊರೆದದ್ದು" ಎಂದು ಘಂಟಾಘೋಷವಾಗಿ ಸಾರಿದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಏಳನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತು, "ಆ ವರ್ಷ ಕಲ್ಲಿನ ಮೇಲೆ ಬರೆದದೆ ಏನ್ರಿ, ಸರ್?" ಎಂದು ಕೇಳಿದನು. ನಾವು ಕ್ಷಣವೂ ತಡೆಯದೆ "ಹೌದು" ಎಂದೆವು. ಸಭೆ ಚಪ್ಪಾಳೆ ತಟ್ಟಿತು, ಹುಡುಗನು ಕುಳಿತನು. ಮನೆಗೆ ಮರಳಿ ಶಾಸನದ ಪಾಠವನ್ನು ತೆಗೆದು ನೋಡಿದಾಗ ನಮ್ಮ ಮುಖ ನಮಗೇ ಸಣ್ಣದಾಯಿತು. ಕಲ್ಲಿನ ಮೇಲೆ ಯಾವ ವರ್ಷವೂ ಇಲ್ಲ!

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಆ ಶಾಸನವನ್ನು ಮೈಸೂರಿನ ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಇಲಾಖೆಯ 1936ರ ವರದಿಯಲ್ಲಿ ಪ್ರಕಟಿಸಿದರು. ಅದರಲ್ಲಿ ಶಕವರ್ಷವಿಲ್ಲ, ಸಂವತ್ಸರದ ಹೆಸರಿಲ್ಲ. ಅಕ್ಷರಗಳ ರೂಪವನ್ನೂ ಅಲ್ಲಿ ಬರುವ ಕಾಕುಸ್ಥನೆಂಬ ಕದಂಬ ಅರಸನ ಹೆಸರನ್ನೂ ಭಾಷೆಯ ಬಗೆಯನ್ನೂ ಕೂಡಿಸಿ ನೋಡಿ, 450ರ ಸುಮಾರಿಗೆ ಇರಬಹುದೆಂದು ಅವರು ಊಹಿಸಿದರು. ಬೇರೆ ಕೆಲವರು ವಿದ್ವಾಂಸರು ಅದನ್ನು ಅರ್ಧ ಶತಮಾನವೋ ಅದಕ್ಕೂ ಹೆಚ್ಚಾಗಿಯೋ ಈಚೆಗೆ ತಂದಿದ್ದಾರೆ. ಇನ್ನು 2013ರಲ್ಲಿ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಅಗೆತ ನಡೆದಾಗ ಸಿಂಹಕಟಾಂಜನದ ಶಾಸನವೊಂದು ದೊರೆತು, ಪುರಾತತ್ವ ಇಲಾಖೆಯವರು ಅದನ್ನು 370ರ ಸುಮಾರಿಗೆ ಸೇರಿಸಿದ್ದಾರೆ. ವಿದ್ವಾಂಸನು "ಸುಮಾರು" ಎಂದು ಬರೆದನು. ಪಠ್ಯಪುಸ್ತಕವು "ಸುಮಾರು" ಎಂಬದನ್ನು ಬಿಟ್ಟಿತು. ವೇದಿಕೆಯ ಮೇಲೆ ನಿಂತ ನಾವು ಅದನ್ನು ಕಲ್ಲಿನ ಮೇಲೆಯೇ ಕೊರೆದೆವು. ಹೀಗೆ ಒಂದು ಊಹೆ ಮೂರು ಹೆಜ್ಜೆಯಲ್ಲಿ ಸಾಕ್ಷಿಯಾಯಿತು.

ಇದರಿಂದ ಏನು ಕೆಟ್ಟಿತು, ಕನ್ನಡ ಪ್ರಾಚೀನವೆಂಬದು ನಿಜವೇ ಅಲ್ಲವೇ, ಎಂದು ತಾವು ಕೇಳಬಹುದು. ಕೆಟ್ಟದ್ದು ಇಷ್ಟು: ಆ ಹುಡುಗನು ಮುಂದೆ ಎಂದಾದರೊಮ್ಮೆ ಶಾಸನವನ್ನು ತಾನೇ ಓದಿದರೆ, ನಾವು ಹೇಳಿದ ಸುಳ್ಳಿನ ಜತೆಯಲ್ಲಿ ನಾವು ಹೇಳಿದ ನಿಜವನ್ನೂ ತಿಪ್ಪೆಗೆ ಎಸೆಯುವನು. ನಾಡಿನ ಅಭಿಮಾನಕ್ಕೆ ಹಗೆಗಳಿಂದ ಆಗುವ ಹಾನಿಗಿಂತ, ಪರೀಕ್ಷಿಸದೆ ಆಡಿದ ಅಭಿಮಾನಿಗಳ ಮಾತಿನಿಂದ ಆಗುವ ಹಾನಿ ದೊಡ್ಡದು. ಉಪಾಧ್ಯಾಯರ ಬಾಯಿಂದ ಹೊರಟ ಒಂದು ಮಾತು ನಲವತ್ತು ಮನೆಗಳನ್ನು ಹೊಗುತ್ತದೆ. ಆದುದರಿಂದ ಈ ಹೊಣೆ ಎಲ್ಲರಿಗಿಂತ ತಮ್ಮ ಮೇಲೆ ಹೆಚ್ಚಾಗಿದೆ.

ಮಾತಿನ ಪ್ರಾಮಾಣ್ಯವನ್ನು ಅಳೆಯುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಮ್ಮ ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಶಬ್ದಪ್ರಮಾಣವೆಂದರೆ ಆಪ್ತನ ಮಾತು. ಹಾಗಾದರೆ ಆಪ್ತನಾರು? ಕನ್ನಡದ ರೂಢಿಯಲ್ಲಿ ಆಪ್ತನೆಂದರೆ ನಮಗೆ ಬೇಕಾದವನು, ನಮ್ಮವನು, ಮನೆಯ ಒಳಗಿನವನು. ಶಾಸ್ತ್ರದ ಅರ್ಥ ಅದಲ್ಲ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನ ಮತದಂತೆ, ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನೇ ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಇದೆಂತಹ ಧೀರವಾದ ಮಾತು! ಹೇಳುವವನ ಜಾತಿ, ದೇಶ, ಮತಗಳನ್ನು ಬದಿಗಿರಿಸಿ, ಅವನು ಕಂಡನೇ, ಕಂಡಂತೆ ಹೇಳಿದನೇ ಎಂಬದನ್ನು ಮಾತ್ರ ಕೇಳಿರೆಂದು ಇದರ ಭಾವ. ನಾವು ಮೋಸಹೋಗುವದೆಲ್ಲ ರೂಢಿಯ ಆಪ್ತನನ್ನು ಶಾಸ್ತ್ರದ ಆಪ್ತನೆಂದು ತಿಳಿಯುವದರಿಂದಲೇ.

ಈ ಎರಡು ಪ್ರಶ್ನೆಗಳಿಗೆ ನಾವು ಮೂರನೆಯದೊಂದನ್ನು ಸೇರಿಸಬಯಸುತ್ತೇವೆ. ಹೇಳಿದವನು ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಮಾತು ನೂರು ಕೈ ದಾಟಿ ನಮಗೆ ಬರುತ್ತದೆ. ಆದುದರಿಂದ: ಕಂಡನೇ? ಕಂಡಂತೆ ಹೇಳಿದನೇ? ಹೇಳಿದಂತೆ ನಮಗೆ ಮುಟ್ಟಿತೇ? ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ನಮ್ಮ ನಾಡಿನ ಸಾಧನಗಳ ನಡುವೆ ಒಂದು ಸುತ್ತು ಬರೋಣ.

ಮೊದಲು ಶಾಸನಗಳು. "ಶಾಸನದಲ್ಲಿದೆ" ಎಂದೊಡನೆ ನಾವು ಕೈಮುಗಿಯುತ್ತೇವೆ. ಆದರೆ ಕಲ್ಲಿಗೂ ತಾಮ್ರಕ್ಕೂ ಒಂದು ಭೇದವುಂಟು. ಊರ ನಡುವೆ, ಗುಡಿಯ ಮುಂದೆ ನಿಂತ ಕಲ್ಲನ್ನು ಸಾವಿರ ಕಣ್ಣುಗಳು ನೋಡುತ್ತಿದ್ದುವು. ಅದರಲ್ಲಿ ಸುಳ್ಳು ಬರೆಯುವದಕ್ಕೆ ಎದೆ ಬೇಕು. ತಾಮ್ರಪಟವಾದರೋ ಪೆಟ್ಟಿಗೆಯಲ್ಲಿ ಅಡಗಿರುವದು. ಭೂಮಿಯ ವ್ಯಾಜ್ಯ ಬಂದಾಗ ಹಳೆಯ ಅರಸನ ಹೆಸರಿನಲ್ಲಿ ಹೊಸ ಪಟವನ್ನು ಬರೆಯಿಸಿ ತೋರಿಸಿದವರು ಇದ್ದರು. ಶಿವಮೊಗ್ಗೆಯ ಕಡೆಯಲ್ಲಿ ಸಾಕ್ಷಾತ್ ಜನಮೇಜಯ ಚಕ್ರವರ್ತಿಯೇ ಕೊಟ್ಟನೆಂಬ ದಾನಪಟಗಳು ದೊರೆತಿವೆ! ಪರೀಕ್ಷಿತನ ಮಗನು ಕೊಟ್ಟ ಭೂಮಿಯೆಂದರೆ ಯಾರಿಗೆ ಹೆಮ್ಮೆಯಾಗದು? ಆದರೆ ಅವುಗಳ ಅಕ್ಷರವೂ ಭಾಷೆಯೂ ಎಷ್ಟೋ ಶತಮಾನಗಳ ಈಚಿನವು. ವಿದ್ವಾಂಸರು ಅವನ್ನು ಕೃತ್ರಿಮವೆಂದು ತಳ್ಳಿಹಾಕಿದರು.

ಗಂಗರ ತಾಮ್ರಪಟಗಳ ವಿಷಯದಲ್ಲಿಯೂ ದೊಡ್ಡ ವಾದವೇ ನಡೆಯಿತು. ಮುಂಬಯಿ ಆಧಿಪತ್ಯದ ಅಧಿಕಾರಿಯಾಗಿದ್ದ ಫ್ಲೀಟರು ಅವುಗಳಲ್ಲಿ ಅನೇಕವು ಖೊಟ್ಟಿಯೆಂದರು. ಬೆಂಗಳೂರಿನಲ್ಲಿಯೇ ಹುಟ್ಟಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಬೆಳಕಿಗೆ ತಂದ ರೈಸರು ಅವು ಸಾಚಾ ಎಂದರು. ಅಂದು ನಮ್ಮ ಜನರ ಒಲವು ರೈಸರ ಕಡೆಗಿದ್ದರೆ ಆಶ್ಚರ್ಯವಿಲ್ಲ, ಗಂಗರು ನಮ್ಮವರಲ್ಲವೇ? ಆದರೆ ಒಲವು ಪ್ರಮಾಣವಲ್ಲ. ಪಟದಲ್ಲಿ ಹೇಳಿದ ತಿಥಿಗೆ ಹೇಳಿದ ವಾರ ಬೀಳುವದೇ? ಗ್ರಹಣವೆಂದಿದ್ದರೆ ಆ ದಿನ ಗ್ರಹಣವಿತ್ತೇ? ಅಕ್ಷರದ ಬಳುಕು ಆ ಕಾಲದ್ದೇ? ವಂಶಾವಳಿಯು ಬೇರೆ ಶಾಸನಗಳೊಡನೆ ಕೂಡುವದೇ? ಹೀಗೆ ಒಂದೊಂದನ್ನೇ ತಿಕ್ಕಿ ನೋಡಿದ ಮೇಲೆ ಕೆಲವು ಉಳಿದುವು, ಕೆಲವು ಬಿದ್ದುವು. ಬಿದ್ದುವುಗಳಿಂದ ಗಂಗರ ಕೀರ್ತಿಗೆ ಕುಂದು ಬರಲಿಲ್ಲ. ಉಳಿದುವುಗಳಿಗೆ ಬೆಲೆ ಬಂದಿತು. ಚಿನಿವಾರನು ಒರೆಗಲ್ಲಿಗೆ ಹಚ್ಚುವದು ಚಿನ್ನದ ಮೇಲಿನ ದ್ವೇಷದಿಂದಲ್ಲ.

ಇನ್ನು ಗ್ರಂಥಭಾಂಡಾರಗಳು. ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪಿತವಾಯಿತು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ಅಲ್ಲಿಗೆ ತಂದುಕೊಟ್ಟರು. ಗ್ರಂಥಲಿಪಿಯಲ್ಲಿದ್ದ ಅದನ್ನು ಓದಿದ ಆರ್. ಶಾಮಶಾಸ್ತ್ರಿಗಳಿಗೆ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗೊತ್ತಾಯಿತು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಜಗತ್ತು ಬೆರಗಾಯಿತು. ಆದರೆ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಒಂದು ಪ್ರತಿ ಸಾಲದೆಂದು ವಿದ್ವಾಂಸರು ಬೇರೆ ಪ್ರತಿಗಳನ್ನು ಹುಡುಕಿದರು. ಮಲೆಯಾಳ ಲಿಪಿಯ ಪ್ರತಿಗಳು ದೊರೆತುವು. ಪಾಠಾಂತರಗಳನ್ನು ಕೂಡಿಸಿ ಹೊಸ ಮುದ್ರಣಗಳಾದುವು. ಗ್ರಂಥದ ಕಾಲ ಯಾವದು, ಅದು ಒಬ್ಬನ ಕೃತಿಯೇ ಅಲ್ಲವೇ ಎಂಬ ಚರ್ಚೆ ಇಂದಿಗೂ ನಡೆದಿದೆ. ನಾವು ಭಾಂಡಾರವನ್ನು ಗೌರವಿಸುವದು ಈ ಕಾರಣಕ್ಕಾಗಿ. ಒಂದು ಪುಸ್ತಕದ ಬದಿಯಲ್ಲಿ ಅದನ್ನು ಅಲ್ಲಗಳೆಯುವ ಇನ್ನೊಂದು ಪುಸ್ತಕವೂ ಅಲ್ಲಿ ಕುಳಿತಿರುತ್ತದೆ.

ಮುಖಪುಟದ ಮೇಲಿನ ಹೆಸರನ್ನೂ ಹಾಗೆಯೇ ನಂಬಬಾರದೆಂಬದಕ್ಕೆ ನಮ್ಮ ಕವಿರಾಜಮಾರ್ಗವೇ ಸಾಕ್ಷಿ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚಿಗೆ ಕೊಟ್ಟಾಗ ಅದು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಕೃತಿಯೆಂದು ಪ್ರಸಿದ್ಧವಾಯಿತು. ಚಕ್ರವರ್ತಿಯೇ ಕನ್ನಡದ ಲಕ್ಷಣವನ್ನು ಬರೆದನೆಂದರೆ ಎಷ್ಟು ಸೊಗಸು! ಆದರೆ ಗ್ರಂಥದ ಒಳಗೆ ನಿಧಾನವಾಗಿ ಓದಿದವರಿಗೆ ಒಂದು ಶಬ್ದ ತೊಡರಿತು. ಅದು ನೃಪತುಂಗನಿಂದ "ಅನುಮತ"ವಾದುದು ಎಂದಿತ್ತೇ ಹೊರತು, ವಿರಚಿತವೆಂದಿರಲಿಲ್ಲ. ಶ್ರೀವಿಜಯನೆಂಬ ಆಸ್ಥಾನಕವಿಯ ಹೆಸರೂ ಅಲ್ಲಿ ಇತ್ತು. ಇಂದು ಬಹುಜನ ವಿದ್ವಾಂಸರು ಶ್ರೀವಿಜಯನೇ ಕರ್ತೃವೆಂದು ಒಪ್ಪಿದ್ದಾರೆ. ಒಂದೇ ಶಬ್ದವನ್ನು ಸರಿಯಾಗಿ ಓದಿದುದರಿಂದ, ಸಾವಿರ ವರ್ಷ ಮರೆಯಲ್ಲಿದ್ದ ಕವಿಯೊಬ್ಬನಿಗೆ ಅವನ ಕೃತಿ ಮರಳಿ ದೊರೆಯಿತು. ಇದು ನ್ಯಾಯವಲ್ಲವೇ?

ಎರಡು ಸಾಧನಗಳು ಕೂಡಿ ಬಂದಾಗ ಆಗುವ ಬಲವನ್ನೂ ನೋಡಿರಿ. ಮಹಾಕವಿ ಪಂಪನು ತನ್ನ ಆದಿಪುರಾಣದ ಕಾಲವನ್ನು ಶಕ 863, ಅಂದರೆ ಕ್ರಿ.ಶ. 941 ಎಂದು ತಾನೇ ಹೇಳಿದ್ದಾನೆ. ಅರಿಕೇಸರಿಯು ತನಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನೆಂದು ಭಾರತದಲ್ಲಿ ಹೇಳಿಕೊಂಡಿದ್ದಾನೆ. ಕವಿಗಳ ಹೊಗಳಿಕೆ ಯಾರಿಗೆ ಗೊತ್ತಿಲ್ಲ? ಸಂಶಯಕ್ಕೆ ಎಡೆಯಿತ್ತು. ಮುಂದೆ ತೆಲುಗು ನಾಡಿನ ಕರೀಂನಗರದ ಬಳಿಯ ಕುರಿಕ್ಯಾಲದ ಬಂಡೆಯ ಮೇಲಿನ ಶಾಸನ ಬೆಳಕಿಗೆ ಬಂದಿತು. ಪಂಪನ ತಮ್ಮ ಜಿನವಲ್ಲಭನು ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲಿಯೂ ಬರೆಯಿಸಿದ ಆ ಶಾಸನವು ಅಗ್ರಹಾರದ ಮಾತನ್ನು ಹೇಳುತ್ತದೆ. "ತಮ್ಮನ ಸಾಕ್ಷಿ ಎಂತಹ ಸಾಕ್ಷಿ?" ಎಂದು ತಾವು ಕೇಳಿದರೆ ನಾವು ಸಂತೋಷಪಡುವೆವು, ಕೇಳತಕ್ಕ ಪ್ರಶ್ನೆಯೇ ಅದು. ಅವನು ಮನೆಯ ಆಪ್ತನೇ ಹೌದು. ಆದರೆ ಅರಸನ ಆಳಿಕೆಯಲ್ಲಿಯೇ, ಅಲ್ಲಗಳೆಯಬಲ್ಲವರೆಲ್ಲ ಬದುಕಿರುವಾಗಲೇ, ಬಯಲಿನ ಬಂಡೆಯ ಮೇಲೆ ಅವನು ಬರೆಯಿಸಿದ್ದಾನೆ. ಅದರಿಂದ ಆ ಮಾತಿಗೆ ತೂಕ ಬಂದಿತು.

ಇಷ್ಟು ದೊಡ್ಡ ಪರೀಕ್ಷೆ ಶಾಲೆಯಲ್ಲಿ ಹೇಗೆ ಸಾಧ್ಯವೆಂದು ಉಪಾಧ್ಯಾಯರು ಅಂಜಬೇಕಾಗಿಲ್ಲ. ಪುಸ್ತಕ ಕೈಗೆ ಬಂದೊಡನೆ ಕಥೆಯ ಪುಟಕ್ಕೆ ಹಾರದೆ ಮೊದಲಿನ ನಾಲ್ಕು ಹಾಳೆಗಳನ್ನು ತಿರುವಿರಿ. ಬರೆದವನಾರು? ಆ ವಿಷಯದಲ್ಲಿ ಅವನು ದುಡಿದವನೇ? ಮೊದಲ ಮುದ್ರಣ ಯಾವ ವರ್ಷದ್ದು, ಇದು ಎಷ್ಟನೆಯದು? ತಿದ್ದುಪಡಿಯಾಗಿದೆಯೇ? ಹೇಳಿದ ಮಾತಿಗೆ ಆಧಾರವನ್ನು ಕೊಟ್ಟಿದ್ದಾನೆಯೇ? ಕಡೆಯಲ್ಲಿ ಅಕಾರಾದಿ ಸೂಚಿಯುಂಟೇ? ಆಧಾರವನ್ನು ಕೊಡುವವನು ತನ್ನನ್ನು ಪರೀಕ್ಷಿಸಿರೆಂದು ಬಾಗಿಲು ತೆರೆದಿಟ್ಟವನು. ಕಿಟ್ಟೆಲರು ಜರ್ಮನಿಯಿಂದ ಬಂದ ಪಾದ್ರಿಗಳು. ಆದರೂ 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟನ್ನು ನಾವು ಇಂದಿಗೂ ತೆಗೆಯುವದೇಕೆ? ಶಬ್ದಗಳ ಮುಂದೆ ಅವು ದೊರೆತ ಗ್ರಂಥದ ಗುರುತನ್ನು ಅವರು ಇಟ್ಟಿದ್ದಾರೆ. ವಾತ್ಸ್ಯಾಯನನು ಹೇಳಿದ ಮ್ಲೇಚ್ಛ ಆಪ್ತನೆಂದರೆ ಇವರೇ ಅಲ್ಲವೇ?

ಆದರೆ ಕಪಾಟಿನಲ್ಲಿ ಏನಿದೆಯೆಂಬದನ್ನು ನೋಡಿದಂತೆ ಏನಿಲ್ಲವೆಂಬದನ್ನೂ ನೋಡಬೇಕು. ಪುಸ್ತಕಗಳನ್ನು ಯಾರೋ ಆರಿಸುತ್ತಾರೆ. ದುಡ್ಡನ್ನು ಯಾರೋ ಕೊಡುತ್ತಾರೆ. ಅರಸರ ವಂಶಾವಳಿ ಅಲ್ಲಿ ಹೇರಳವಾಗಿರುವದು. ಒಕ್ಕಲಿಗನ, ನೇಕಾರನ, ಹೆಣ್ಣುಮಕ್ಕಳ ಬಾಳು ಅಲ್ಲಿ ವಿರಳವಾಗಿರುವದು. ಪುಸ್ತಕವು ಓದುವವನಿಗಾಗಿ ಇದೆ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಕ್ಕಬೇಕು ಎಂಬ ತತ್ವಗಳನ್ನು 1931ರಲ್ಲಿ ಗ್ರಂಥರೂಪವಾಗಿ ಕೊಟ್ಟ ಎಸ್. ಆರ್. ರಂಗನಾಥನ್ನರು ತಮ್ಮ ಬಾಳಿನ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಕಪಾಟಿನಲ್ಲಿ ಇಲ್ಲದವರ ಮಾತಿಗೆ ನಾವು ಇನ್ನೊಮ್ಮೆ ಬರುತ್ತೇವೆ.

ಈಗ ವರ್ತಮಾನಪತ್ರಗಳು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟಿತು. ಹೊರಡಿಸಿದವರು ಬಾಸೆಲ್ ಮಿಶನ್ನಿನ ಮೋಗ್ಲಿಂಗರು. ಪಾದ್ರಿಗಳ ಪತ್ರಿಕೆಯೆಂದು ಅದನ್ನು ಎಸೆಯುವದೂ ತಪ್ಪು, ಹಳೆಯದೆಂದು ಪೂರ್ತಿ ನಂಬುವದೂ ತಪ್ಪು. ಊರಿನ ಸಂಗತಿಗಳಿಗೂ ಅಂದಿನ ಕಾನೂನುಗಳಿಗೂ ಆಡುಗನ್ನಡದ ರೂಪಕ್ಕೂ ಅದು ಅಮೂಲ್ಯ ಸಾಕ್ಷಿ; ಆ ವಿಷಯದಲ್ಲಿ ಸುಳ್ಳಾಡಿ ಅವರು ಗಳಿಸುವದೇನಿತ್ತು? ನಮ್ಮ ಮತಾಚಾರಗಳ ವಿಚಾರದಲ್ಲಾದರೋ ಹೊರಡಿಸಿದವರ ಉದ್ದೇಶವನ್ನು ನೆನಪಿನಲ್ಲಿಟ್ಟು ಓದಬೇಕು. ಒಂದೇ ಸಾಧನವು ಒಂದು ವಿಷಯಕ್ಕೆ ಆಪ್ತವಾಗಿದ್ದು ಇನ್ನೊಂದಕ್ಕೆ ಆಗದಿರಬಹುದು. ಇದೇ ನಿಯಮವನ್ನು ನಮ್ಮ ದೇಶಾಭಿಮಾನಿ ಪತ್ರಿಕೆಗಳಿಗೂ ಹಚ್ಚತಕ್ಕದ್ದು.

ಪತ್ರಿಕೆಯ ಮೌನವನ್ನೂ ಓದಲು ಕಲಿಯಬೇಕು. ಲಾರ್ಡ ಲಿಟನ್ನನು 1878ರಲ್ಲಿ ಮಾಡಿದ ಕಾಯಿದೆಯು ದೇಶಭಾಷೆಯ ಪತ್ರಿಕೆಗಳ ಬಾಯಿಗೆ ಬೀಗ ಹಾಕಿತು. ಇಂಗ್ಲಿಷ ಪತ್ರಿಕೆಗಳನ್ನು ಬಿಟ್ಟಿತು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕಾ ಕಾಯಿದೆ ಬಂದು ಹಲವು ಪತ್ರಿಕೆಗಳು ನಿಂತುಹೋದುವು. ಇದು ಪರರ ಆಳಿಕೆಯ ಶಾಪವೆಂದು ಹೇಳಿ ಬಿಡುವಂತಿಲ್ಲ. ಸ್ವತಂತ್ರ ಭಾರತದಲ್ಲಿಯೂ 1975ರಿಂದ 1977ರ ವರೆಗಿನ ತುರ್ತು ಪರಿಸ್ಥಿತಿಯಲ್ಲಿ ಸುದ್ದಿಗಳಿಗೆ ಕತ್ತರಿ ಬಿದ್ದಿತು. ಅಂತಹ ವರ್ಷಗಳ ಪತ್ರಿಕೆಯಲ್ಲಿ ಒಂದು ಸಂಗತಿ ಕಾಣದಿದ್ದರೆ ಅದು ನಡೆಯಲೇ ಇಲ್ಲವೆಂದು ತೀರ್ಮಾನಿಸುವದು ಎಷ್ಟರ ಮಟ್ಟಿಗೆ ಸರಿ?

ನಮ್ಮ ಎದೆಗೆ ಹತ್ತಿರವಾದ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 1938ರ ಏಪ್ರಿಲ 25ರಂದು, ಅಂದಿನ ಕೋಲಾರ ಜಿಲ್ಲೆಯ ಗೌರೀಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆಂದು ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸರಕಾರದ ಲೆಕ್ಕಕ್ಕೆ ಸತ್ತವರು ಹತ್ತು ಜನ. ಜನರ ಲೆಕ್ಕಕ್ಕೆ ಮೂವತ್ತಕ್ಕೂ ಹೆಚ್ಚು. ನಾವು ಯಾವದನ್ನು ನಂಬಬೇಕು? "ಸರಕಾರ ಸುಳ್ಳು ಹೇಳಿತು" ಎಂದು ಕೂಗಿ ದೊಡ್ಡ ಸಂಖ್ಯೆಯನ್ನು ಹಿಡಿಯುವದು ಸುಲಭ. ಗುಂಡು ಹಾರಿಸಿದವರಿಗೆ ಲೆಕ್ಕವನ್ನು ಕಡಿಮೆ ಮಾಡುವ ಆಸೆಯಿದ್ದಿತೆಂಬದು ದಿಟ. ನೊಂದವರಿಗೆ, ಕೋಪಗೊಂಡವರಿಗೆ, ಓಡುವಾಗ ಬಿದ್ದವರನ್ನೆಲ್ಲ ಸತ್ತವರೆಂದು ಎಣಿಸುವ ಸಂಭವವಿದ್ದಿತೆಂಬದೂ ದಿಟ. ಹಾಗಾದರೆ ದಾರಿ ಯಾವದು? ಸಂಖ್ಯೆಯನ್ನು ಬಿಟ್ಟು ಹೆಸರನ್ನು ಹಿಡಿಯಬೇಕು. ಸತ್ತವನು ಯಾರು, ಯಾವ ಊರಿನವನು, ಅವನ ಮನೆಯವರು ಏನೆನ್ನುತ್ತಾರೆ? ಗಾಯಗೊಂಡು ಮುಂದೆ ತೀರಿದವರನ್ನು ಸರಕಾರ ಎಣಿಸಿತೇ? ಹೆಣವನ್ನು ಸದ್ದಿಲ್ಲದೆ ಊರಿಗೊಯ್ದವರುಂಟೇ? ಹೆಸರುಳ್ಳ ಹತ್ತು ಸಾಕ್ಷಿಗಳ ಮುಂದೆ ಹೆಸರಿಲ್ಲದ ನೂರು ನಿಲ್ಲಲಾರದು. ಹತ್ತೇ ಆಗಲಿ, ಮೂವತ್ತೇ ಆಗಲಿ, ಆ ದಿನದ ಅನ್ಯಾಯ ಅನ್ಯಾಯವೇ. ಅದನ್ನು ತೋರಿಸುವದಕ್ಕೆ ಸಂಖ್ಯೆಯನ್ನು ಉಬ್ಬಿಸುವದು ಬೇಕಾಗಿಲ್ಲ; ಸತ್ತವರಿಗೆ ಗೌರವವೂ ಅದರಲ್ಲಿಲ್ಲ.

ಕಪಾಟಿನಲ್ಲಿ ಇಲ್ಲದವರ ಮಾತಿಗೆ ಬರುತ್ತೇವೆಂದೆವು. ಅಚ್ಚಿನ ಮನೆ ಬರುವದಕ್ಕೆ ಮುಂಚೆ ನಮ್ಮ ಹಳ್ಳಿಗಳಿಗೆ ಸುದ್ದಿಯನ್ನು ಮುಟ್ಟಿಸುತ್ತಿದ್ದವರಾರು? ಡಂಗುರದವನು, ಜಾತ್ರೆಗೆ ಹೋಗಿ ಬಂದವನು, ಡಪ್ಪು ತುಂತುಣಿ ಹಿಡಿದ ಲಾವಣಿಕಾರನು. 1857ರ ನಿಃಶಸ್ತ್ರೀಕರಣದ ಕಾಯಿದೆಯಂತೆ ಆಯುಧಗಳನ್ನು ಒಪ್ಪಿಸಲು ಒಲ್ಲದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದರು. ಕುಂಪಣಿಯ ದಂಡು ಊರನ್ನು ಮುತ್ತಿ ಸುಟ್ಟಿತು. ಸರಕಾರದ ಕಾಗದಪತ್ರಗಳಿಗೆ ಅದೊಂದು ಸಣ್ಣ ದಂಗೆ. ಲಾವಣಿಗೆ ಅದು ಒಂದು ಊರಿನ ಸಾವು. ಹೋರಾಡಿದವರ ಹೆಸರುಗಳನ್ನು ಅದು ಹಿಡಿದಿಟ್ಟಿತು. ಕೊಡಲಿಯಿಂದ ಮೊದಲುಗೊಂಡು ಉಪ್ಪು, ಎಣ್ಣೆ, ಬೆಲ್ಲದ ವರೆಗೆ ಕೊಳ್ಳೆಹೋದ ಸಾಮಾನುಗಳನ್ನೆಲ್ಲ ಎಣಿಸಿತು. ಆ ಲಾವಣಿಯನ್ನು ಬರೆದುಕೊಂಡು ಅಚ್ಚಿಗೆ ಕೊಟ್ಟವನಾರು ಬಲ್ಲಿರಾ? ಗಂಗರ ಪಟಗಳನ್ನು ಖೊಟ್ಟಿಯೆಂದ ಅದೇ ಫ್ಲೀಟ ಸಾಹೇಬನು! ಯಾರನ್ನು ನಾವು ಹಗೆಯೆಂದು ಎಣಿಸುತ್ತಿದ್ದೆವೋ ಅವನ ಕೈಯಿಂದಲೇ ನಮ್ಮ ಹಾಡು ಉಳಿಯಿತು.

ಹಾಗೆಂದು ಲಾವಣಿಯ ಪ್ರತಿಯೊಂದು ಮಾತೂ ದಿಟವೆಂದು ನಾವು ಹೇಳುವದಿಲ್ಲ. ಹಾಡುವವನು ಸಭೆಯ ಮುಖ ನೋಡಿ ವೀರನನ್ನು ಹಿಗ್ಗಿಸುತ್ತಾನೆ; ಪ್ರಾಸಕ್ಕಾಗಿ ಹೆಸರನ್ನು ಬದಲಿಸುತ್ತಾನೆ. ದಂಡಿನ ಎಣಿಕೆಗೂ ತೇದಿಗೂ ಕಾಗದಪತ್ರವನ್ನು ನೋಡಿರಿ. ಸುಟ್ಟ ಮನೆಯ ಒಳಗೆ ಏನಿತ್ತೆಂಬದಕ್ಕೆ ಲಾವಣಿಯನ್ನು ಕೇಳಿರಿ. ಎರಡನ್ನೂ ಎದುರುಬದುರು ಕೂಡ್ರಿಸಿದವನಿಗೆ ಹಲಗಲಿ ಕಾಣುವದು.

ಅಂಕಿಗಳ ವಿಷಯವಾಗಿಯೂ ಒಂದು ಮಾತು. 1956ರ ನವೆಂಬರ 1ರಂದು ನಾಡು ಒಂದಾದ ಮೇಲೆ ಗಡಿಯ ವಾದ ಮುಂದುವರಿಯಿತು. ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಕೊಟ್ಟಿತು. ಆ ವಾದದಲ್ಲಿ ಇತ್ತಂಡದವರೂ ಜನಗಣತಿಯ ಅಂಕಿಗಳನ್ನೇ ಮುಂದಿಟ್ಟರು. ತಾಲ್ಲೂಕನ್ನು ಘಟಕವಾಗಿ ಹಿಡಿದರೆ ಒಂದು ಉತ್ತರ, ಹಳ್ಳಿಯನ್ನು ಹಿಡಿದರೆ ಇನ್ನೊಂದು. ಅಂಕಿ ಸುಳ್ಳಾಡಲಿಲ್ಲ, ಅಂಕಿಯನ್ನು ಕಟ್ಟಿದ ಬಗೆ ಬೇರೆಯಾಯಿತು. ಎಣಿಸುವವನು ಮನೆಯ ಯಜಮಾನನನ್ನು ಕೇಳಿ ಮಾತೃಭಾಷೆಯ ಕಾಲಂ ತುಂಬುತ್ತಾನೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಗುಡಿಯಲ್ಲಿ ಒಂದು ನುಡಿಯಾಡುವ ಗಡಿನಾಡಿನ ಮನುಷ್ಯನು ಆ ಒಂದು ಕಾಲಮಿನಲ್ಲಿ ಹಿಡಿಸುವನೇ? ನಮ್ಮ ಪಕ್ಷಕ್ಕೆ ಅನುಕೂಲವಾದ ಅಂಕಿ ಕಂಡಾಗ ಈ ಪ್ರಶ್ನೆಯನ್ನು ನಾವು ಎರಡು ಸಲ ಕೇಳಿಕೊಳ್ಳಬೇಕು.

ಇಂದಾದರೋ ಅಂಗೈಯಗಲದ ಮೊಬೈಲಿನಲ್ಲಿ ಕ್ಷಣಕ್ಕೊಂದು ಸುದ್ದಿ ಬರುತ್ತದೆ. ಅದು ಬರುವದು ಬಹುಶಃ ತಮ್ಮನಿಂದ, ಭಾವನಿಂದ, ನೆರೆಮನೆಯ ಅಣ್ಣನಿಂದ. ಅಂದರೆ ರೂಢಿಯ ಆಪ್ತರಿಂದ. ಕಳಿಸಿದವನು ನಮ್ಮವನೆಂದೇ ನಾವು ನಂಬುತ್ತೇವೆ. ಆದರೆ ಅವನು ಕಂಡವನಲ್ಲ. ಬಂದದ್ದನ್ನು ಮುಂದೆ ತಳ್ಳಿದವನು. ಡಂಗುರ ಹೊಡೆಯುವವನ ಮುಖವನ್ನಾದರೂ ಊರವರು ಬಲ್ಲವರಾಗಿದ್ದರು, ಯಾರ ಅಪ್ಪಣೆಯೆಂದು ಅವನು ಮೊದಲೇ ಸಾರುತ್ತಿದ್ದನು. ಈ ಹೊಸ ಡಂಗುರಕ್ಕೆ ಮುಖವೂ ಇಲ್ಲ, ಅಪ್ಪಣೆ ಕೊಟ್ಟವನ ಹೆಸರೂ ಇಲ್ಲ. ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವ ತನಕ ಅದನ್ನು ಮುಂದೆ ಕಳಿಸದಿರುವದೇ ವಿವೇಕ.

ಮಹಾಶಯರೇ, ಬರಿಯ ಉಪದೇಶದಿಂದ ಫಲವಿಲ್ಲ. ಆದುದರಿಂದ ಈ ವಾಚನಾಲಯದ ಮುಂದೆಯೂ ಉಪಾಧ್ಯಾಯರ ಮುಂದೆಯೂ ಮೂರು ಸಣ್ಣ ಬಿನ್ನಹಗಳನ್ನು ಇಡುತ್ತೇವೆ. ಮೊದಲನೆಯದು, ಪ್ರತಿಯೊಂದು ವರ್ಗದಲ್ಲಿ ಒಂದು ಆಧಾರದ ವಹಿಯನ್ನು ಇಡಿರಿ. ಪಾಠದಲ್ಲಿ ಬಂದ ಸಂಗತಿಗೆ ಆಧಾರವಾವದೆಂದು ಮಕ್ಕಳೇ ಹುಡುಕಿ ಬರೆಯಲಿ, ದೊರೆಯದಿದ್ದರೆ "ಆಧಾರ ದೊರೆಯಲಿಲ್ಲ" ಎಂದು ನಾಚದೆ ಬರೆಯಲಿ. ಎರಡನೆಯದು, ತಮ್ಮ ಊರಿನ ಕಲ್ಲು, ಕಡತ, ಓಲೆ, ಹಾಡುಗಳ ಪಟ್ಟಿಯನ್ನು ಮಾಡಿ ವಾಚನಾಲಯದಲ್ಲಿ ಇಡಿರಿ. ಹಾಡಿದವರ ಹೆಸರನ್ನೂ ಕೇಳಿದ ದಿನವನ್ನೂ ಮರೆಯದೆ ಬರೆಯಿರಿ. ಮೂರನೆಯದು, ಸ್ಥಳೀಯ ಪತ್ರಿಕೆಗಳನ್ನು ರದ್ದಿಗೆ ಹಾಕದೆ ವರ್ಷವರ್ಷಕ್ಕೆ ಕಟ್ಟು ಹಾಕಿಸಿರಿ. ನಮಗೆ ಒಪ್ಪದ ಪಕ್ಷದ ಪತ್ರಿಕೆಯೂ ಅದರಲ್ಲಿರಲಿ. ಮುಂದಿನವರಿಗೆ ಎದುರುಬದುರು ಕೂಡ್ರಿಸುವದಕ್ಕೆ ಎರಡು ಸಾಕ್ಷಿಗಳು ಬೇಕಾಗುವವು.

ಕೊನೆಗೆ ಆ ಹುಡುಗನ ಮಾತು. ತಪ್ಪು ತಿಳಿದ ಮರುವಾರವೇ ನಾವು ಆ ಶಾಲೆಗೆ ಮತ್ತೆ ಹೋದೆವು. ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಅದೇ ವರ್ಗದಲ್ಲಿ ನಿಂತು, "ತಮ್ಮಾ, ಕಲ್ಲಿನ ಮೇಲೆ ವರ್ಷವಿಲ್ಲ, ನಾವು ತಪ್ಪು ಹೇಳಿದೆವು" ಎಂದೆವು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಅವರಿಗೆ ಹೆಂಗ ಗೊತ್ತಾತು, ಸರ್?" ಎಂದು ಕೇಳಿದನು. ಅಂದು ಒಂದು ತಾಸು ಅಕ್ಷರಗಳ ರೂಪವನ್ನೂ ಕದಂಬರ ವಂಶವನ್ನೂ ಕುರಿತು ಮಾತಾಡಿದೆವು. ಯಾವ ರಾಜ್ಯೋತ್ಸವದ ಭಾಷಣದಲ್ಲಿಯೂ ಮಕ್ಕಳು ಅಷ್ಟು ಮನಗೊಟ್ಟು ಕೇಳಿದ್ದನ್ನು ನಾವು ಕಂಡಿರಲಿಲ್ಲ. ಆ ಪ್ರಶ್ನೆಯನ್ನು ಕೇಳುವ ಮಕ್ಕಳನ್ನು ತಾವು ಬೆಳೆಯಿಸಿರಿ. ಈ ವಾಚನಾಲಯದ ಬಾಗಿಲು ಅವರಿಗಾಗಿ ಸದಾ ತೆರೆದಿರಲಿ.